ಮುರಿದ ಕೊಂಡಿಯನ್ನು ಗುಜರಿಗೆ ಹಾಕುವ ಮುನ್ನ

ಆಳಂದ ತಾಲ್ಲೂಕಿನ ಒಂದು ವಾಡೆಯ ತಲೆಬಾಗಿಲು. ಸಾಗವಾನಿಯ ಎರಡು ಕದ, ಒಂದೊಂದೂ ಇಬ್ಬರು ಹಿಡಿದು ಎತ್ತುವಷ್ಟು ಭಾರ. ಬಲಗದದ ಮೇಲೆ ಅಂಗೈಗಿಂತ ತುಸು ಅಗಲವಾದ ಹಿತ್ತಾಳೆ ತಟ್ಟೆ, ತಟ್ಟೆಯ ಮೇಲೆ ಉಬ್ಬಿಸಿದ ಒಂದು ಗಿಳಿ, ಅದರ ಕೆಳಗೆ ಇಳಿಬಿದ್ದ ದಪ್ಪ ಬಳೆ. ಎಡಗದದ ಮೇಲೂ ಬಳೆಯಿತ್ತು. ಹತ್ತು ಹೆಜ್ಜೆ ದೂರದಿಂದ ಜೋಡಿಯಂತೆಯೇ ಕಾಣುತ್ತಿತ್ತು. ಹತ್ತಿರ ಹೋದರೆ ಹಳದಿ ಸಿಪ್ಪೆ ಎದ್ದು ಒಳಗಿನ ಬೂದುಬಣ್ಣ ಹೊರಗೆ ಬಂದಿತ್ತು. ಗಿಳಿಯಿಲ್ಲ, ಅದರ ಜಾಗದಲ್ಲಿ ಯಾವುದೋ ಹೂವು.

"ಎರಡು ಮಳೆಗಾಲವೂ ಬಾಳಲಿಲ್ಲ ನೋಡಿ" ಎಂದರು ಮನೆಯ ಯಜಮಾನರು.

"ಹಳೆಯದು ಎಲ್ಲಿದೆ ಗೌಡರೇ?"

"ಅದು ಮುರಿದಿತ್ತಲ್ಲ, ಗುಜರಿಯವನಿಗೆ ಹೋಗಿರಬೇಕು."

ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಹಳೆಯ ಮನೆಗಳ ಬಾಗಿಲು, ಕಿಟಕಿ, ಕಂಬಗಳನ್ನು ದುರಸ್ತಿ ಮಾಡುವ ಕಸುಬು ನನ್ನದು. ಇಪ್ಪತ್ತು ವರ್ಷಗಳಲ್ಲಿ ಈ ಉತ್ತರವನ್ನು ಎಷ್ಟು ಮನೆಗಳಲ್ಲಿ ಕೇಳಿದ್ದೇನೋ. ಮರದ ಚಿಂತೆ ನನಗಿಲ್ಲ. ಕೊಳೆತ ತುದಿಯನ್ನು ಕೊಯ್ದು ಅದೇ ಜಾತಿಯ ಹಳೆಯ ಮರವನ್ನು ಕೂಡಿಸಬಹುದು. ತಿಂಗಳುಗಟ್ಟಲೆ ಅಲೆಸುವುದು ಅಗಳಿ, ಚಿಲಕ, ಬಿಜಾಗರಿ, ಸರಪಳಿ, ಬಳೆಗಳು.

ಹಳೆಯ ಮರದ ಹಾಯಿದೋಣಿಗಳನ್ನು ದುರಸ್ತಿ ಮಾಡುವವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಲಂಡನ್ನಿನಲ್ಲಿ 1885ರಲ್ಲಿ ಶುರುವಾದ ಡೇವಿ ಎಂಬ ಕಂಪನಿ ದೋಣಿಗಳ ಕೊಂಡಿ, ರಾಟೆ, ಗೂಟಗಳನ್ನು ಹಳೆಯ ಮಾದರಿಯಲ್ಲೇ ಮಾರುತ್ತ ಬಂದಿದೆ. ಅಮೆರಿಕದಲ್ಲಿ ಹಳೆಯ ಅಚ್ಚುಗಳನ್ನು ಜೋಪಾನ ಮಾಡಿ ಇಂದಿಗೂ ಕಂಚಿನ ಎರಕ ಹೊಯ್ದು ಕೊಡುವವರಿದ್ದಾರೆ. ದೋಣಿ ಕಟ್ಟಿದವರು ಯಾರು, ಯಾವ ವರ್ಷ ಎಂದು ಗೊತ್ತಾದರೆ ಪಟ್ಟಿ ತೆರೆದು ತರಿಸಿಕೊಳ್ಳಬಹುದು. ನಮ್ಮ ವಾಡೆಯ ಬಾಗಿಲಿಗೆ ಪಟ್ಟಿಯೇ ಇಲ್ಲ. ಕಮ್ಮಾರನೋ ಕಂಚುಗಾರನೋ ಆ ಬಾಗಿಲಿನ ಎದುರು ಕುಳಿತು ಅದಕ್ಕೆಂದೇ ಮಾಡಿದ್ದು. ಮುರಿದ ತುಂಡೇ ನಮ್ಮ ಪಟ್ಟಿ. ಅದನ್ನು ಕಿಲೋ ಲೆಕ್ಕದಲ್ಲಿ ಮಾರಿದವರು ನಾಲ್ಕು ಕಾಸಿಗಾಗಿ ಮನೆಯ ದಾಖಲೆಯನ್ನೇ ಕೊಟ್ಟಂತೆ.

ಅಂಗಡಿಯ ಬಳೆಯ ವಿಷಯಕ್ಕೆ ಬರುತ್ತೇನೆ. ಕೊಳ್ಳುವಾಗ ಗೌಡರು ಅಯಸ್ಕಾಂತ ಹಿಡಿದು ನೋಡಿದ್ದರಂತೆ, ಅಂಟಲಿಲ್ಲವಂತೆ. ಅಯಸ್ಕಾಂತ ಹೇಳುವುದು ಕಬ್ಬಿಣಕ್ಕೆ ಹಳದಿ ಲೇಪ ಕೊಟ್ಟಿಲ್ಲ ಎಂಬುದನ್ನಷ್ಟೇ. ಹಿತ್ತಾಳೆ ಹೌದೇ ಎಂಬುದಕ್ಕೆ ತಕ್ಕಡಿ ಮತ್ತು ಅಳತೆಯ ಗೆರೆಗಳಿರುವ ಒಂದು ಜಾಡಿ ಸಾಕು. ಎರಡೂ ಬಳೆಗಳನ್ನು ಕಳಚಿ ನೀರಿನಲ್ಲಿ ಮುಳುಗಿಸಿದೆ. ಎರಡೂ ನೀರನ್ನು 50 ಮಿಲಿಲೀಟರ್ ಏರಿಸಿದವು. ಹಳೆಯದರ ತೂಕ 420 ಗ್ರಾಂ, ಹೊಸದರದು 330. ಭಾಗಿಸಿದರೆ ಹಳೆಯದಕ್ಕೆ 8.4 ಬರುತ್ತದೆ, ಅದು ಹಿತ್ತಾಳೆ. ಹೊಸದಕ್ಕೆ 6.6, ಅದು ಸತುವಿನ ಮಿಶ್ರಲೋಹ. ಇಷ್ಟೂ ಬೇಡವೆಂದರೆ ಹಿಂಬದಿಯಲ್ಲಿ, ಕಾಣದ ಕಡೆ, ಅರದಿಂದ ಒಂದು ಗೀರು ಎಳೆಯಿರಿ. ಹಳದಿ ಸಾಲು ಮೂಡಿದರೆ ಹಿತ್ತಾಳೆ, ಬೆಳ್ಳಗಿನ ಸಾಲು ಮೂಡಿದರೆ ದುಡ್ಡು ವಾಪಸ್ ಕೇಳಿ. ಅಂಗಡಿಯವರು ಗೀರಲು ಬಿಡುವುದಿಲ್ಲ ಎನ್ನುವಿರಾ? ಉತ್ತರ ಅಲ್ಲೇ ಸಿಕ್ಕಿತಲ್ಲ.

ಸತು ಎಂದೊಡನೆ ನಮ್ಮ ಕಡೆಯ ಎಲ್ಲರೂ ಬೀದರ್ ಕಡೆಗೆ ಕೈ ತೋರಿಸುತ್ತಾರೆ. "ಬಿದರಿಯವರು ಎರಕ ಹೊಯ್ಯುವುದರಲ್ಲಿ ಗಟ್ಟಿಗರು, ಅವರಿಂದಲೇ ಮಾಡಿಸಬಾರದೇ?" ಗಟ್ಟಿಗರು ಹೌದು, ಆದರೆ ಲೋಹವೇ ಬೇರೆ. ಬಿದರಿಯಲ್ಲಿ ಬಹುಪಾಲು ಸತು, ತಾಮ್ರ ಅಲ್ಪ. ಸತು 419 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಹಿತ್ತಾಳೆಗೆ 900 ದಾಟಬೇಕು. ಹರಳೆಣ್ಣೆ, ರಾಳ ಕಲಸಿದ ಅವರ ಮಣ್ಣಿನ ಅಚ್ಚು, ಅವರ ಕುಲುಮೆ ಎಲ್ಲವೂ ಆ ಕಡಿಮೆ ಶಾಖಕ್ಕೆ ಹೊಂದಿಕೊಂಡವು. ಬಿದರಿ ಹೂಜಿ ಕಪಾಟಿನಲ್ಲಿ ಕೂರುತ್ತದೆ, ಯಾರೂ ಅದನ್ನು ಹಿಡಿದು ದಿನಕ್ಕೆ ನಲವತ್ತು ಸಲ ಕದ ಎಳೆಯುವುದಿಲ್ಲ. ಬೆಳ್ಳಿ ಎಳೆ ಕೂರಿಸುವ ಆ ಕೈಗಳಿಂದ ನಾನು ಬೇರೆ ಸಹಾಯ ಪಡೆಯುತ್ತೇನೆ. ಎರಕದ ಮೇಲೆ ಮಸುಕಾದ ಗೆರೆಗಳನ್ನು ಉಳಿಯಿಂದ ಚುರುಕುಗೊಳಿಸಲು ಅವರಿಗೆ ಸಮನಾದವರನ್ನು ನಾನು ಕಂಡಿಲ್ಲ.

ಈಗ ಗಿಳಿಯ ತೊಡಕು. ಬಲಗದದ ತಟ್ಟೆಯನ್ನೇ ಮಾದರಿಯಾಗಿಟ್ಟು ಮರಳಿನಲ್ಲಿ ಅಚ್ಚೊತ್ತಿ ಹಿತ್ತಾಳೆ ಹೊಯ್ದರೆ ಮುಗಿಯಿತಲ್ಲ ಎನಿಸುತ್ತದೆ. ಬಲಗದದ ಗಿಳಿ ಎಡಕ್ಕೆ, ಅಂದರೆ ಬಾಗಿಲಿನ ನಡುವಿಗೆ, ಮುಖ ಮಾಡಿತ್ತು. ಅದರದೇ ನಕಲನ್ನು ಎಡಗದಕ್ಕೆ ಬಡಿದರೆ ಆ ಗಿಳಿ ಗೋಡೆ ನೋಡುತ್ತ ಕೂರುತ್ತದೆ. ಗಂಡ ಹೆಂಡತಿ ಮುನಿಸಿಕೊಂಡ ಹಾಗೆ. ಕನ್ನಡಿ ಬಿಂಬದಂತೆ ಹೊಸ ಮಾದರಿ ಕೆತ್ತಿಸಬಹುದು, ಖರ್ಚು ಮೂರು ಪಟ್ಟು. ಅದೂ ಊಹೆಯೇ, ಎಡಗಡೆಯ ಗಿಳಿಯ ಕೊಕ್ಕಿನಲ್ಲಿ ಹಣ್ಣಿತ್ತೋ ಇಲ್ಲವೋ ಹೇಳುವವರು ಯಾರು?

ಗೌಡರ ತಾಯಿ ಪಡಸಾಲೆಯ ಕಂಬಕ್ಕೆ ಒರಗಿ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರು. ಎದ್ದು ದೇವರ ಮನೆಗೆ ಹೋಗಿ, ದೀಪದ ಕೆಳಗಿನಿಂದ ಮಸಿ, ಎಣ್ಣೆ ಮೆತ್ತಿದ ತಟ್ಟೆಯೊಂದನ್ನು ತಂದು ನನ್ನ ಕೈಗಿಟ್ಟರು. "ಹಿತ್ತಾಳೆಯನ್ನು ಯಾರಾದರೂ ಹೊರಗೆ ಹಾಕುತ್ತಾರೇನಪ್ಪಾ?" ಬಿಸಿನೀರು, ಸೀಗೆಪುಡಿಯಲ್ಲಿ ತೊಳೆದಾಗ ಗಿಳಿ ಎದ್ದು ಬಂತು. ಕೊಕ್ಕಿನಲ್ಲಿ ಹಣ್ಣಿರಲಿಲ್ಲ, ಎಲೆಯಿತ್ತು.

ಬಳೆ ಸಿಕ್ಕುವ ಕಣ್ಣು ತೇದು ತೇದು ಕಾಗದದಷ್ಟಾಗಿ ಹರಿದಿತ್ತು. ಮುರಿದದ್ದೇ ಹೀಗೆ ಎಂಬುದನ್ನೂ ಆ ತುಂಡು ಹೇಳಿತು. ಅದನ್ನು ಹಾಗೆಯೇ ಅಚ್ಚೊತ್ತಿದರೆ ಸವೆತವೂ ನಕಲಾಗುತ್ತದೆ. ಕಣ್ಣಿಗೆ ಮೇಣ ತುಂಬಿ ಮೊದಲಿನ ದಪ್ಪಕ್ಕೆ ತಂದೆವು. ಇನ್ನೊಂದು ಲೆಕ್ಕ ಇದೆ: ಹಿತ್ತಾಳೆ ಆರುವಾಗ ಶೇಕಡಾ ಒಂದೂವರೆಯಷ್ಟು ಕುಗ್ಗುತ್ತದೆ. 120 ಮಿಲಿಮೀಟರ್ ತಟ್ಟೆ 118 ಆಗಿ ಹೊರಬರುತ್ತದೆ. ತಟ್ಟೆಗೆ ಅದು ಲೆಕ್ಕಕ್ಕಿಲ್ಲ. ಉದ್ದದ ಪಟ್ಟಿ ಬಿಜಾಗರಿಗಾದರೆ ಮೊಳೆಯ ತೂತುಗಳು ಮರದ ಹಳೆಯ ತೂತುಗಳಿಗೆ ಕೂಡುವುದೇ ಇಲ್ಲ. ಆದ್ದರಿಂದ ತೂತುಗಳನ್ನು ಎರಕದಲ್ಲಿ ತರಬಾರದು. ತುಂಡನ್ನು ಬಾಗಿಲಿನ ಮೇಲಿಟ್ಟು ಗುರುತು ಹಾಕಿ ಆಮೇಲೆ ಕೊರೆಯಬೇಕು. ಅಗಳಿಯಂತೆ ಒಂದರೊಳಗೊಂದು ಕೂಡಬೇಕಾದ ತುಂಡಿಗೆ ಮಾದರಿಯನ್ನೇ ಅಷ್ಟು ದೊಡ್ಡದು ಮಾಡಿಕೊಳ್ಳಬೇಕು.

ತಿರುಪುಗಳದ್ದು ಬೇರೆಯೇ ಗೋಳು. ಕೂಡುಗೆರೆಯ (+) ತಲೆಯ ಸ್ಕ್ರೂ 1930ರ ದಶಕದ ಮಧ್ಯಭಾಗದಲ್ಲಿ ಅಮೆರಿಕದಲ್ಲಿ ಮಾರುಕಟ್ಟೆಗೆ ಬಂದದ್ದು. ನಿಜಾಮರ ಕಾಲದ ಬಾಗಿಲಿನಲ್ಲಿ ಅದು ಕಂಡರೆ ಯಾರೋ ಈಚೆಗೆ ಕೈಯಾಡಿಸಿದ್ದಾರೆ ಎಂದೇ ಅರ್ಥ. ಒಂದೇ ಗೆರೆಯ ತಲೆಯ ಹಿತ್ತಾಳೆ ಸ್ಕ್ರೂಗಳು ಈಗ ಊರಿನ ಅಂಗಡಿಗಳಲ್ಲಿ ಅಪರೂಪ. ಹಳೆಯ ಬೋಲ್ಟುಗಳಿಗೆ ಇಂದಿನ ನಟ್ಟನ್ನು ಬಲವಂತವಾಗಿ ತಿರುಗಿಸಬೇಡಿ. ಅವುಗಳಲ್ಲಿ ಹೆಚ್ಚಿನವುಗಳ ಮರೆ, ಅಂದರೆ ಸುತ್ತು ಸುತ್ತಾಗಿ ಕೊರೆದ ತಿರುಪಿನ ಗೆರೆ, ಇಂಗ್ಲೆಂಡಿನ ಎಂಜಿನಿಯರ್ ವಿಟ್‌ವರ್ತ್ 1841ರಲ್ಲಿ ರೂಪಿಸಿದ ಇಂಚಿನ ಅಳತೆಯದು. ಕಾಲಂಗುಲದ ಬೋಲ್ಟಿಗೆ ಇಂಚಿಗೆ 20 ಸುತ್ತು, ಮರೆಯ ಕೋನ 55 ಡಿಗ್ರಿ. ಇಂದಿನ 6 ಮಿಲಿಮೀಟರ್ ನಟ್ಟಿಗೆ ಒಂದು ಮಿಲಿಮೀಟರಿಗೆ ಒಂದು ಸುತ್ತು, 60 ಡಿಗ್ರಿ. ಎರಡನ್ನೂ ಸೇರಿಸಿದರೆ ಕೆಡುವುದು ಹಳೆಯದೇ.

ಹೊಸ ತುಂಡು ಬಂದ ಮೇಲೆ ಅದು ಫಳಫಳ ಹೊಳೆಯುತ್ತದೆ, ಪಕ್ಕದ್ದು ಕಂದು. ಮಾಲೀಕರಿಗೆ ಆಗ ಎರಡು ದುರ್ಬುದ್ಧಿಗಳು ಹುಟ್ಟುತ್ತವೆ. ಒಂದು, ಹಳೆಯದನ್ನೂ ಯಂತ್ರಕ್ಕೆ ಕೊಟ್ಟು ಉಜ್ಜಿಸುವುದು. ಗಿಳಿಯ ಗರಿಗಳೆಲ್ಲ ಅಲ್ಲಿಗೆ ಮಂಗಮಾಯ. ಇನ್ನೊಂದು, ಹೊಸದನ್ನು ಅಮೋನಿಯದ ಹಬೆಯಲ್ಲಿಟ್ಟು ಹಳೆಯದಾಗಿಸುವುದು. ಎರಕದ ತುಂಡಿಗೆ ಅಷ್ಟು ಭಯವಿಲ್ಲ. ಬಡಿದು ಬಗ್ಗಿಸಿದ ಹಿತ್ತಾಳೆ ತಗಡಿಗೆ ಅಮೋನಿಯ ಹಾವಿದ್ದಂತೆ. ಬ್ರಿಟಿಷ್ ಸೇನೆ ಭಾರತದಲ್ಲಿ ಮಳೆಗಾಲದ ಹೊತ್ತು ಕುದುರೆ ಲಾಯಗಳಲ್ಲಿ ಇಟ್ಟ ತೋಟಾಗಳ ಹಿತ್ತಾಳೆ ಕವಚ ತಾನಾಗಿಯೇ ಬಿರಿಯುತ್ತಿತ್ತು. ಲೋಹದೊಳಗೆ ಉಳಿದ ಬಿಗಿತದ ಮೇಲೆ ಮೂತ್ರದಿಂದೇಳುವ ಅಮೋನಿಯ ಕೆಲಸ ಮಾಡುತ್ತದೆ ಎಂಬುದು ಸ್ಪಷ್ಟವಾದದ್ದು 1921ರಲ್ಲಿ. ದನದ ಕೊಟ್ಟಿಗೆಗೆ ತೆರೆಯುವ ಬಾಗಿಲುಗಳಿಗೆ ನಾನು ತಗಡಿನ ಹಿತ್ತಾಳೆ ಬಳಸುವುದಿಲ್ಲ; ಅಲ್ಲಿ ಕಬ್ಬಿಣವೇ ಲೇಸು. ಕಬ್ಬಿಣವಾದರೆ ಮರ ಜಾಲಿಯೋ ಎಂದು ನೋಡಿಕೊಳ್ಳಿ. ಜಾಲಿಯ ಒಗರು ಮತ್ತು ಕಬ್ಬಿಣ ಒದ್ದೆಯಲ್ಲಿ ಸೇರಿದರೆ ಮಸಿಯೇ, ಬಾಗಿಲ ತುಂಬ ಕಪ್ಪು ಇಳಿಯುತ್ತದೆ.

ಮಾಡಿಸುವುದು ಬೇಡ, ಹಳೆಯದನ್ನೇ ಕೊಳ್ಳುತ್ತೇನೆ ಎನ್ನುವವರಿಗೆ ಹೈದರಾಬಾದಿನ ಜುಮೇರಾತ್ ಬಜಾರ್ ಹತ್ತಿರ, ತಮಿಳುನಾಡಿನ ಕಾರೈಕುಡಿ ದೂರ. ನಾನೂ ಹೋಗುತ್ತೇನೆ, ಮನಸ್ಸು ಮಾತ್ರ ಒಪ್ಪುವುದಿಲ್ಲ. ಅಲ್ಲಿ ರಾಶಿ ಬಿದ್ದ ಒಂದೊಂದು ಅಗಳಿಯೂ ಯಾವುದೋ ಕೆಡವಿದ ಮನೆಯದು, ಕೆಲವು ನಮ್ಮ ಜಿಲ್ಲೆಯವೇ. ನೂರು ವರ್ಷ ದಾಟಿದ, ಕಟ್ಟಡದಿಂದ ಕಳಚಿದ ವಸ್ತು 1972ರ ಕಾನೂನಿನ ಪ್ರಕಾರ ಪುರಾತನ ವಸ್ತು. ಅದರ ವ್ಯಾಪಾರಕ್ಕೆ ಪರವಾನಗಿ ಬೇಕು, ಖಾಸಗಿಯವರು ಹೊರದೇಶಕ್ಕೆ ಕಳಿಸುವಂತಿಲ್ಲ. ರಸೀದಿ ಕೊಡದವರ ಬಳಿ ಕೊಳ್ಳದಿರುವುದು ಕ್ಷೇಮ.

ಆಳಂದದ ಬಾಗಿಲಿಗೆ ಹೊಸ ತಟ್ಟೆ ಕೂರಿಸಿದೆವು. ಹಿಂಬದಿಯಲ್ಲಿ, ಕದಕ್ಕೆ ಅಂಟುವ ಕಡೆ, ಮಾಡಿದ ವರ್ಷವನ್ನು ಕೊರೆದಿದ್ದೇನೆ. ಮುಂದೆ ಯಾರಾದರೂ ಕಳಚಿದರೆ ಯಾವುದು ಅಸಲು, ಯಾವುದು ನಕಲು ಎಂಬ ಗೊಂದಲ ಬೇಡ. ಗಿಳಿಗಳು ಎದುರುಬದುರಾದವು. ಒಡೆದ ಹಳೆಯ ತಟ್ಟೆಯನ್ನು ಮಾದರಿಗಾಗಿ ಇಟ್ಟುಕೊಳ್ಳುತ್ತೇನೆ ಎಂದು ಚೀಲಕ್ಕೆ ಹಾಕಿಕೊಳ್ಳುತ್ತಿದ್ದೆ. ಗೌಡರ ತಾಯಿ ಕೈ ಚಾಚಿದರು.

"ಅದನ್ನು ಇಲ್ಲಿ ಕೊಡು. ದೀಪಕ್ಕೆ ಬೇಕು."