ಹಳದಿ ಕಪ್ಪೆ ವಿಷದ್ದಾ?

ಮುಂಗಾರಿನ ಮೊದಲ ಜೋರು ಮಳೆ ಬಿದ್ದ ಮರುದಿನ ದಾವಣಗೆರೆ ಕಡೆಯ ಹಳೇ ವಿದ್ಯಾರ್ಥಿಗಳಿಂದ ಒಂದಾದ್ರೂ ವಿಡಿಯೋ ಬಂದೇ ಬರುತ್ತದೆ. ಗದ್ದೆ ನೀರಲ್ಲಿ ನಿಂಬೆಹಣ್ಣಿನ ಬಣ್ಣದ ದೊಡ್ಡ ದೊಡ್ಡ ಕಪ್ಪೆಗಳು. "ಸರ್, ಇವು ವಿಷದ್ದಾ? ಎಲ್ಲಿಂದ ಬಂದ್ವು?"

ಎಲ್ಲಿಂದಲೂ ಬಂದಿಲ್ಲ, ವಿಷವೂ ಇಲ್ಲ. ಮೊನ್ನೆವರೆಗೆ ಅದೇ ಬದುವಿನಲ್ಲಿ ಕಂದು-ಹಸಿರು ಬಣ್ಣದಲ್ಲಿ ಕೂತಿದ್ದ ಗೂಳಿಕಪ್ಪೆಗಳೇ ಇವು. ಹಳದಿಯಾಗುವುದು ಗಂಡು ಮಾತ್ರ. ಅದರ ಗಂಟಲಿನ ಎರಡೂ ಪಕ್ಕದ ಚೀಲಗಳು ಕಡು ನೀಲಿಯಾಗುತ್ತವೆ. ಹೆಣ್ಣು ಮಾಸಲು ಬಣ್ಣದಲ್ಲೇ ಇರುತ್ತದೆ. ಬೆದೆಯ ಗಡಿಬಿಡಿ ಮುಗಿದರೆ ಗಂಡಿನ ಈ ಬಣ್ಣವೂ ಇಳಿಯುತ್ತದೆ.

ಕಪ್ಪೆಯ ಚರ್ಮದಲ್ಲಿ ಬಣ್ಣದ ಕೋಶಗಳು ಪದರ ಪದರವಾಗಿವೆ. ಮೇಲೆ ಹಳದಿ. ನಡುವೆ ಪುಟ್ಟ ಹರಳುಗಳಿರುವ ಕೋಶಗಳು, ಇವು ನೀಲಿ ಬೆಳಕನ್ನು ಹಿಂದಕ್ಕೆ ಕಳಿಸುತ್ತವೆ. ತಳದಲ್ಲಿ ಮೆಲನಿನ್, ಅಂದರೆ ಕಪ್ಪು. ಹಸಿರು ಕಪ್ಪೆ ಅಂತೀವಲ್ಲ, ಹೆಚ್ಚಿನವುಗಳಲ್ಲಿ ಹಸಿರು ಬಣ್ಣದ ಕೋಶವೇ ಇರುವುದಿಲ್ಲ. ಆ ನೀಲಿ ಬೆಳಕು ಹಳದಿಯನ್ನು ದಾಟಿ ಬರುವಾಗ ನಮ್ಮ ಕಣ್ಣಿಗೆ ಹಸಿರಾಗಿ ಕಾಣುತ್ತದೆ, ಅಷ್ಟೆ. ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯಿಂದ ಒಂದು ಹಾರ್ಮೋನ್ ರಕ್ತಕ್ಕೆ ಬಂದರೆ ಮೆಲನಿನ್ ಕಣಗಳು ಕೋಶದ ತುಂಬಾ ಹರಡಿ ಮೈ ಕಪ್ಪಾಗುತ್ತದೆ, ಕಣಗಳು ಮತ್ತೆ ನಡುವಿಗೆ ಸರಿದರೆ ಮೈ ಬಿಳಿಚಿಕೊಳ್ಳುತ್ತದೆ. ಹಾರ್ಮೋನ್ ರಕ್ತದಲ್ಲಿ ಹರಿದು ಬರಬೇಕಲ್ಲ, ಹಾಗಾಗಿ ಸ್ವಲ್ಪ ಹೊತ್ತು ಹಿಡಿಯುತ್ತದೆ.

ಅವಿತುಕೊಳ್ಳೋಕೆ ಬಣ್ಣ ಬದಲಿಸುತ್ತವೆ ಅನ್ನೋದು ಅರ್ಧ ಸತ್ಯ. ಚಳಿ, ತೇವ, ಕತ್ತಲು ಇದ್ದರೆ ಕಪ್ಪೆಗಳು ಸಾಮಾನ್ಯವಾಗಿ ಕಪ್ಪಾಗುತ್ತವೆ, ಬಿಸಿಲು ಸೆಕೆ ಜಾಸ್ತಿಯಾದರೆ ತಿಳಿಯಾಗುತ್ತವೆ. ಕಪ್ಪು ಮೈ ಬಿಸಿಯನ್ನು ಹೀರಿಕೊಳ್ಳುತ್ತದೆ, ತಿಳಿ ಮೈ ಅಷ್ಟು ಹೀರುವುದಿಲ್ಲ. ಬಚ್ಚಲುಮನೆ ಗೋಡೆಗೆ ಅಂಟಿಕೊಂಡಿರುವ ಮರಗಪ್ಪೆಯನ್ನು ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ ನೋಡಿ, ಸುಮ್ನೆ ನೋಡಿದರೆ ಸಾಕು, ಮುಟ್ಟಬೇಡಿ.

ನಮ್ಮ ಚಿತ್ರದುರ್ಗದ ಕೋಟೆಗೆ ಹೋದರೆ ಇನ್ನೂ ಚೆಂದದ ಉದಾಹರಣೆ ಬಂಡೆಗಳ ಮೇಲೇ ಸಿಗುತ್ತದೆ, ಆದರೆ ಬಂದವರೆಲ್ಲ ಒನಕೆ ಓಬವ್ವನ ಕಿಂಡಿ ಮುಂದೆ ಸೆಲ್ಫಿ ತೆಗೆದುಕೊಂಡು ಹೊರಟುಬಿಡುತ್ತಾರೆ. ಬಂಡೆ ಓತಿಯ ಗಂಡಿಗೆ ಇಂಥ ಬದಲಾವಣೆಗೆ ಕೆಲವೇ ನಿಮಿಷ ಸಾಕು. ಎದುರಿಗೆ ಇನ್ನೊಂದು ಗಂಡು ಬಂದರೆ ಬೆನ್ನು ಹಳದಿ, ಪಕ್ಕ ಕಿತ್ತಳೆ. ಬೆನ್ನು ಕೆಂಪಾಗಿ ಪಕ್ಕ ಕಪ್ಪಾಗಿದ್ದರೆ ಅಲ್ಲೇ ಎಲ್ಲೋ ಹೆಣ್ಣಿದೆ ಎಂದು ಲೆಕ್ಕ. ಅದರ ಮೈ ಬಂಡೆಯದೇ ಬಣ್ಣ, ಹುಡುಕಲು ಸ್ವಲ್ಪ ತಾಳ್ಮೆ ಬೇಕು.