ಮುಖಪುಟಕ್ಕೊಂದು ನೋಟ, ಪರಿವಿಡಿಗೊಂದು ನೋಟ

ಬ್ರಿಟನ್ನಿನ ಎರಡು ಸಂಗೀತ ಪತ್ರಿಕೆಗಳ ಹಳೆಯ ಸಂಚಿಕೆಗಳು ನನ್ನ ಮೇಜಿನ ಮೇಲಿವೆ. ಒಂದು ‘ಕ್ಯೂ’ (Q), ಇನ್ನೊಂದು ‘ಕೆರ್ಯಾಂಗ್!’ (Kerrang!). ಎರಡನ್ನೂ ಗೋಡೆಗೆ ಒರಗಿಸಿಟ್ಟು ಮೂರು ಮೀಟರ್ ಹಿಂದೆ ಸರಿದು ನೋಡಿದರೆ, ಮೊದಲನೆಯದರಲ್ಲಿ ಕೆಂಪು ಚೌಕದೊಳಗಿನ ಒಂದೇ ಒಂದು ಬಿಳಿ ಅಕ್ಷರ ಮತ್ತು ಒಂದು ಮುಖ ಕಾಣುತ್ತವೆ. ಎರಡನೆಯದರಲ್ಲಿ ಬಿರುಕುಬಿಟ್ಟ ಗಾಜಿನಂತಹ ದಪ್ಪ ಅಕ್ಷರಗಳ ಸಾಲು, ಅದರ ಮುಂದೆ ಒಂದು ಮುಖ ಕಾಣುತ್ತದೆ. ಹತ್ತಿರ ಬಂದು ಪರಿವಿಡಿಯ ಪುಟ ತೆರೆದಾಗ ಎರಡು ಪತ್ರಿಕೆಗಳ ನಡುವಿನ ಅಂತರಕ್ಕಿಂತ, ಒಂದೇ ಪತ್ರಿಕೆಯ ಮುಖಪುಟಕ್ಕೂ ಪರಿವಿಡಿಗೂ ಇರುವ ಅಂತರವೇ ದೊಡ್ಡದೆಂದು ನನಗೆ ಅನ್ನಿಸುತ್ತದೆ. ಈ ಅಂತರದ ಕಾರಣವನ್ನು ಕಲಾ ವಿಭಾಗದವರ ಅಭಿರುಚಿಯಲ್ಲಿ ಹುಡುಕುವ ಮೊದಲು ನಮ್ಮ ಕಣ್ಣಿನಲ್ಲಿ ಹುಡುಕಬೇಕು.

ತೋಳನ್ನು ಪೂರ್ತಿ ಚಾಚಿ ಹೆಬ್ಬೆರಳಿನ ಉಗುರನ್ನು ನೋಡಿ. ಯಾವುದೇ ಕ್ಷಣದಲ್ಲಿ ನಾವು ನಿಜಕ್ಕೂ ಸ್ಪಷ್ಟವಾಗಿ ಕಾಣುವುದು ಹೆಚ್ಚುಕಡಿಮೆ ಆ ಉಗುರಿನಷ್ಟು ಜಾಗವನ್ನು, ಅಂದರೆ ಕಣ್ಣಿನ ಬಳಿ ಮೂಡುವ ಕೋನದ ಲೆಕ್ಕದಲ್ಲಿ ಸುಮಾರು 2 ಡಿಗ್ರಿಯಷ್ಟು ಮಾತ್ರ. ಕಣ್ಣಿನ ಹಿಂಭಾಗದ ಅಕ್ಷಿಪಟಲದ ನಡುವೆ, ಬಣ್ಣವನ್ನೂ ಸೂಕ್ಷ್ಮ ವಿವರಗಳನ್ನೂ ಗ್ರಹಿಸುವ ಶಂಕುಕೋಶಗಳು ಒತ್ತೊತ್ತಾಗಿ ತುಂಬಿರುವ ಫೋವಿಯಾ ಎಂಬ ಪುಟ್ಟ ಗುಳಿಯೇ ಈ ಸ್ಪಷ್ಟತೆಯ ಮೂಲ. ಅದರಾಚೆ ಕಾಣುವುದೆಲ್ಲ ಮಸುಕು. ಆ ಮಸುಕು ನಮ್ಮ ಅರಿವಿಗೆ ಬಾರದಿರಲು ಕಾರಣ, ಕಣ್ಣು ಸೆಕೆಂಡಿಗೆ ಮೂರು ನಾಲ್ಕು ಬಾರಿ ಜಿಗಿದು ಹೊಸ ಹೊಸ ಜಾಗಕ್ಕೆ ಆ ಗುಳಿಯನ್ನು ತಿರುಗಿಸುತ್ತಿರುತ್ತದೆ.

ಈ ಜಿಗಿತಗಳನ್ನು ದಾಖಲಿಸಲು ಸೋವಿಯತ್ ವಿಜ್ಞಾನಿ ಆಲ್‌ಫ್ರೆಡ್ ಯಾರ್ಬಸ್, ಕಣ್ಣಿನ ಮೇಲೆ ಹೀರಿಕೊಂಡು ಕೂರುವ ಪುಟ್ಟ ಬಟ್ಟಲಿಗೆ ಕನ್ನಡಿ ಜೋಡಿಸಿ ಪ್ರಯೋಗ ನಡೆಸಿದರು. ಅವರು ಬಳಸಿಕೊಂಡ ಚಿತ್ರಗಳಲ್ಲಿ ಇಲ್ಯಾ ರೇಪಿನ್ ಬರೆದದ್ದೂ ಒಂದು. ಯಾರೂ ನಿರೀಕ್ಷಿಸಿರದ ಹೊತ್ತಿನಲ್ಲಿ ಮನೆಗೆ ಮರಳಿದ ಗಂಡಸೊಬ್ಬ ಬಾಗಿಲೊಳಗೆ ಬಂದು ನಿಂತಿರುವ ದೃಶ್ಯ ಅದರಲ್ಲಿದೆ. ಸುಮ್ಮನೆ ನೋಡಲು ಬಿಟ್ಟಾಗ ನೋಡುಗರ ಕಣ್ಣು ಮತ್ತೆ ಮತ್ತೆ ಮುಖಗಳಿಗೆ ಮರಳುತ್ತಿತ್ತು. ಆ ಮನೆಯವರ ಆರ್ಥಿಕ ಸ್ಥಿತಿ ಹೇಗಿದೆ ಎಂದು ಕೇಳಿದೊಡನೆ ಅದೇ ಕಣ್ಣು ಪೀಠೋಪಕರಣಗಳ ಮೇಲೆ, ಬಟ್ಟೆಬರೆಗಳ ಮೇಲೆ ಓಡಾಡತೊಡಗಿತು. ಚಿತ್ರ ಅದೇ, ಬದಲಾದದ್ದು ಪ್ರಶ್ನೆ ಮಾತ್ರ. ಪತ್ರಿಕೆಯ ಅಂಗಡಿಯ ಮುಂದೆ ನಿಂತವರು ಏನನ್ನೂ ಹುಡುಕುತ್ತಿರುವುದಿಲ್ಲ. ಮುಖಪುಟವೇ ಅವರನ್ನು ಹಿಡಿದು ನಿಲ್ಲಿಸಬೇಕು. ಪರಿವಿಡಿ ತೆರೆದವರ ಮನಸ್ಸಿನಲ್ಲಾದರೋ ಪ್ರಶ್ನೆಯೊಂದು ಆಗಲೇ ಇರುತ್ತದೆ: ಆ ಸಂದರ್ಶನ ಯಾವ ಪುಟದಲ್ಲಿದೆ?

‘ಕ್ಯೂ’ 1986ರ ಅಕ್ಟೋಬರ್‌ನಲ್ಲಿ ಆರಂಭವಾಯಿತು. ಮಾರ್ಕ್ ಎಲೆನ್ ಮತ್ತು ಡೇವಿಡ್ ಹೆಪ್‌ವರ್ತ್ ಅದರ ಸ್ಥಾಪಕರು. ಮೊದಲ ಮುಖಪುಟದಲ್ಲಿದ್ದವರು ಪಾಲ್ ಮೆಕಾರ್ಟ್ನಿ. ಗ್ರಾಮಫೋನ್ ತಟ್ಟೆಯನ್ನು ನುಡಿಸಲು ಅಣಿಗೊಳಿಸುವುದು ಎಂಬ ಅರ್ಥದಲ್ಲಿ, ಮೂರಕ್ಷರಗಳ ‘ಕ್ಯೂ’ (cue) ಎಂಬ ಇಂಗ್ಲಿಷ್ ಪದವನ್ನೇ ಅವರು ಮೊದಲು ಹೆಸರಾಗಿ ಯೋಚಿಸಿದ್ದರು. ಆದರೆ ಸ್ನೂಕರ್ ಆಟದ ಕೋಲಿಗೂ ಅದೇ ಹೆಸರಿದ್ದುದರಿಂದ ಜನ ಇದನ್ನು ಸ್ನೂಕರ್ ಪತ್ರಿಕೆ ಎಂದುಕೊಂಡಾರು ಎಂಬ ಅಳುಕಿತ್ತು. ಒಂಟಿ ಅಕ್ಷರವಾದರೆ ಅಂಗಡಿಯಲ್ಲಿ ಎದ್ದು ಕಾಣುತ್ತದೆ ಎಂಬ ಲೆಕ್ಕವೂ ಸೇರಿ, ಹೆಸರು ಒಂದೇ ಅಕ್ಷರಕ್ಕೆ ಇಳಿಯಿತು.

ಆ ಲೆಕ್ಕ ಸರಿಯಾಗಿತ್ತೆನ್ನಲು ದೃಷ್ಟಿವಿಜ್ಞಾನದಲ್ಲಿ ಗಟ್ಟಿಯಾದ ಆಧಾರವಿದೆ. ನೆದರ್‌ಲೆಂಡ್ಸ್‌ನ ಹರ್ಮನ್ ಬೌಮಾ 1970ರಲ್ಲಿ ತೋರಿಸಿಕೊಟ್ಟಂತೆ, ನೋಟದ ಅಂಚಿನಲ್ಲಿರುವ ಅಕ್ಷರವನ್ನು ಗುರುತಿಸಲು ಅಡ್ಡಿಯಾಗುವುದು ಅದರ ಗಾತ್ರವೊಂದೇ ಅಲ್ಲ, ಅದರ ನೆರೆಹೊರೆಯೂ ಹೌದು. ನಾವು ನೋಡುತ್ತಿರುವ ಬಿಂದುವಿನಿಂದ ಒಂದು ಅಕ್ಷರ ಎಷ್ಟು ದೂರವಿದೆಯೋ ಸುಮಾರು ಅದರ ಅರ್ಧದಷ್ಟು ಅಂತರದೊಳಗೆ ಬೇರೆ ಅಕ್ಷರಗಳಿದ್ದರೆ, ಅವೆಲ್ಲ ಒಂದರೊಳಗೊಂದು ಕಲಸಿಹೋಗುತ್ತವೆ. ಎರಡು ಮೀಟರ್ ದೂರದ ಕಪಾಟಿನಲ್ಲಿರುವ ಪತ್ರಿಕೆ ನಮ್ಮ ನೋಟದಿಂದ 10 ಡಿಗ್ರಿ ಪಕ್ಕಕ್ಕಿದೆ ಎಂದುಕೊಳ್ಳಿ. ಅಲ್ಲಿನ ಅಕ್ಷರವೊಂದು ಬಿಡಿಯಾಗಿ ಕಾಣಬೇಕಾದರೆ ಅದರ ಸುತ್ತ ಹದಿನೇಳು ಸೆಂಟಿಮೀಟರ್‌ಗಳಷ್ಟು ತೆರಪಿರಬೇಕು. ಪತ್ರಿಕೆಯ ಅಗಲವೇ ಇಪ್ಪತ್ತೊಂದು ಸೆಂಟಿಮೀಟರ್ ಆಸುಪಾಸಿನಲ್ಲಿರುವಾಗ ಯಾವ ಉದ್ದನೆಯ ಹೆಸರಿಗೂ ಅಷ್ಟು ಜಾಗ ಸಿಗದು. ಒಂಟಿ ಅಕ್ಷರಕ್ಕೆ ಹೆಸರಿನೊಳಗಿನ ನೆರೆಯೇ ಇಲ್ಲ. ಉಳಿದ ಶೀರ್ಷಿಕೆಗಳನ್ನು ದೂರವಿಡುವ ಕೆಲಸವನ್ನು ಸುತ್ತಲಿನ ಕೆಂಪು ಚೌಕ ಮಾಡುತ್ತದೆ.

‘ಕೆರ್ಯಾಂಗ್!’ ಹಿಡಿದದ್ದು ಇದಕ್ಕೆ ತದ್ವಿರುದ್ಧವಾದ ದಾರಿ. 1981ರ ಜೂನ್‌ನಲ್ಲಿ ‘ಸೌಂಡ್ಸ್’ ವಾರಪತ್ರಿಕೆಯ ಪುರವಣಿಯಾಗಿ ಹುಟ್ಟಿದ ಈ ಪತ್ರಿಕೆಯ ಮೊದಲ ಮುಖಪುಟದಲ್ಲಿ ‘ಎಸಿ/ಡಿಸಿ’ ತಂಡದ ಆಂಗಸ್ ಯಂಗ್ ಇದ್ದರು. ಎಲೆಕ್ಟ್ರಿಕ್ ಗಿಟಾರಿನ ತಂತಿಗಳನ್ನು ಒಮ್ಮೆಲೇ ಬಾರಿಸಿದಾಗ ಹೊರಡುವ ಒರಟು ನಾದದ ಅನುಕರಣೆಯೇ ಅದರ ಹೆಸರು. ಅದರ ಏಳು ಇಂಗ್ಲಿಷ್ ಅಕ್ಷರಗಳೂ ಆಶ್ಚರ್ಯಚಿಹ್ನೆಯೂ ಒಂದಕ್ಕೊಂದು ಒತ್ತಿಕೊಂಡು ನಿಂತಿರುವುದರಿಂದ ನೋಟದ ಅಂಚಿನಲ್ಲಿ ಅವುಗಳನ್ನು ಓದಲಾಗುವುದಿಲ್ಲ. ಆದರೆ ಕಪ್ಪು ಬಿಳುಪಿನ ಆ ಮೊನಚು ಬಿರುಕುಗಳ ಹೆಣಿಗೆ ಓದಿಗಿಂತ ಮೊದಲೇ ಗುರುತು ಸಿಗುತ್ತದೆ. ಗುಂಪಿನಲ್ಲಿ ಪರಿಚಿತರೊಬ್ಬರನ್ನು ಅವರ ನಡಿಗೆಯಿಂದ ಗುರುತಿಸುವ ಹಾಗೆ.

ಹೆಸರಿನ ಮೇಲೆ ಕಲಾವಿದರ ತಲೆ ಬಂದು ಎರಡು ಮೂರು ಅಕ್ಷರಗಳನ್ನು ಮುಚ್ಚುವುದು ಇಂತಹ ಪತ್ರಿಕೆಗಳಲ್ಲಿ ಸಾಮಾನ್ಯ. ಅಡ್ಡ ಬಂದ ವಸ್ತುವಿನ ಹಿಂದೆ ಗೆರೆಗಳು ಮುಂದುವರಿದಿವೆ ಎಂದು ಮೆದುಳು ತಾನಾಗಿಯೇ ಎಣಿಸುವುದರಿಂದ ಓದಿಗೆ ತೊಡಕಾಗುವುದಿಲ್ಲ. ಈ ಉಪಾಯವನ್ನು ಕನ್ನಡದಲ್ಲಿ ಬಳಸುವುದು ಅಷ್ಟು ಸಲೀಸಲ್ಲ. ‘ಕ’, ‘ಕಿ’, ‘ಕೆ’ ಬೇರೆಯಾಗುವುದು ತಲೆಕಟ್ಟಿನ ಜಾಗದಲ್ಲಿ. ಒತ್ತಕ್ಷರ ಕೂರುವುದು ಕೆಳಗೆ. ನಮ್ಮ ಲಿಪಿಯಲ್ಲಿ ಮೇಲನ್ನು ಮುಚ್ಚಿದರೆ ಸ್ವರ ಹೋಗುತ್ತದೆ, ಕೆಳಗನ್ನು ಮುಚ್ಚಿದರೆ ವ್ಯಂಜನ ಹೋಗುತ್ತದೆ. ಕನ್ನಡ ಪತ್ರಿಕೆಗಳ ಮುಖಪುಟ ವಿನ್ಯಾಸ ಮಾಡುವವರು ಇಂಗ್ಲಿಷ್ ಮಾದರಿಗಳನ್ನು ಹಾಗೆಹಾಗೆಯೇ ತರುವಾಗ ಇದನ್ನು ನೆನಪಿನಲ್ಲಿಟ್ಟುಕೊಳ್ಳಬೇಕೆಂಬುದು ನನ್ನ ಕಳಕಳಿ.

ಈಗ ಪರಿವಿಡಿಗೆ ಬರೋಣ. ಕೈಯಲ್ಲಿ ನಲವತ್ತು ಸೆಂಟಿಮೀಟರ್ ದೂರಕ್ಕೆ ಹಿಡಿದಾಗ ಪುಟವು ಸುಮಾರು 30 ಡಿಗ್ರಿಯಷ್ಟು ಅಗಲವಾಗುತ್ತದೆ. ಸ್ಪಷ್ಟ ನೋಟದ 2 ಡಿಗ್ರಿಯಲ್ಲಿ ಅದರ ಒಂದೂವರೆ ಸೆಂಟಿಮೀಟರ್‌ಗಿಂತ ಕಡಿಮೆ ಭಾಗವಷ್ಟೇ ಸಿಗುತ್ತದೆ. ಆದ್ದರಿಂದ ಮುಂದಿನ ಜಿಗಿತ ಎಲ್ಲಿಗೆ ಎಂಬುದನ್ನು ಮಸುಕಾದ ನೋಟವೇ ನಿರ್ಧರಿಸಬೇಕು. ಬಣ್ಣ, ಗಾತ್ರ, ಓರೆಯಂತಹ ಒಂದೇ ಗುಣದಲ್ಲಿ ಬೇರೆಯಾದ ವಸ್ತು ಎಷ್ಟೇ ಗುಂಪಿನಲ್ಲಿದ್ದರೂ ತಟ್ಟನೆ ಎದ್ದು ಬರುತ್ತದೆ, ಎರಡು ಗುಣಗಳನ್ನು ಕೂಡಿಸಿ ಹುಡುಕಬೇಕಾದಾಗ ಒಂದೊಂದನ್ನೇ ನೋಡುತ್ತ ಹೋಗಬೇಕಾಗುತ್ತದೆ ಎಂಬುದನ್ನು ಮನೋವಿಜ್ಞಾನಿ ಆ್ಯನ್ ಟ್ರೀಸ್ಮನ್ 1980ರಲ್ಲಿ ವಿವರಿಸಿದರು. ‘ಕ್ಯೂ’ದ ಪರಿವಿಡಿ ನಡೆಯುವುದು ಈ ತತ್ವದ ಮೇಲೆಯೇ. ಬಿಳಿಯ ಹಾಳೆ, ಕಪ್ಪು ಅಕ್ಷರ, ಮುಖಪುಟದಿಂದ ಒಳಗೆ ಹರಿದು ಬಂದ ಅದೇ ಕೆಂಪು. ಕೆಂಪನ್ನು ಜಿಪುಣತನದಿಂದ ಬಳಸಿರುವುದರಿಂದಲೇ ಅದಕ್ಕೆ ಬೆಲೆಯಿದೆ.

‘ಕೆರ್ಯಾಂಗ್!’ ಪರಿವಿಡಿಯಲ್ಲಿ ಅಂತಹ ಜಿಪುಣತನವಿಲ್ಲ. ಚಿತ್ರಗಳು ಪುಟವನ್ನು ತುಂಬಿಕೊಂಡಿರುತ್ತವೆ, ಪುಟಸಂಖ್ಯೆ ಚಿತ್ರಗಳ ಮೇಲೆಯೇ ಕೂತಿರುತ್ತದೆ, ವಿಭಾಗಗಳ ಹೆಸರು ಕಪ್ಪು ಪಟ್ಟಿಯ ಮೇಲೆ ಹಳದಿಯಲ್ಲಿರುತ್ತದೆ. ಗದ್ದಲವೆನ್ನಿಸುವ ಈ ಪುಟದಲ್ಲಿಯೂ ದಾರಿ ತಪ್ಪದಿರಲು ಆ ಹಳದಿಯೇ ಕಾರಣ. ಹಳದಿ ಶಾಯಿಯು ಬೆಳಕಿನ ನೀಲಿ ಪಾಲನ್ನು ಮಾತ್ರ ಹೀರಿಕೊಂಡು ಉಳಿದದ್ದನ್ನು ಹಿಂದಕ್ಕೆ ಕಳಿಸುತ್ತದೆ. ಹೊಳಪನ್ನು ಅಳೆಯುವಾಗ ನಮ್ಮ ಕಣ್ಣು ನೀಲಿಗೆ ಕೊಡುವ ತೂಕ ತೀರಾ ಕಡಿಮೆ. ಹಾಗಾಗಿ ಹಳದಿಯು ಹೊಳಪಿನಲ್ಲಿ ಬಿಳಿಯ ತಮ್ಮನಂತೆ: ಬಿಳಿಯ ಹಾಳೆಯ ಮೇಲೆ ಅಳಿಸಿಹೋದಂತಿರುವ ಹಳದಿ ಅಕ್ಷರ, ಕಪ್ಪಿನ ಮೇಲೆ ದೀಪದಂತೆ ಉರಿಯುತ್ತದೆ.

ಪುಟಸಂಖ್ಯೆಯ ಜಾಗದ ಬಗ್ಗೆ ಒಂದು ಮಾತು ಹೇಳಲೇಬೇಕು. ನಮ್ಮ ಹಳೆಯ ಪುಸ್ತಕಗಳ ಪರಿವಿಡಿಯಲ್ಲಿ ಲೇಖನದ ಹೆಸರು ಎಡಕ್ಕೆ, ಸಂಖ್ಯೆ ಬಲತುದಿಗೆ, ನಡುವೆ ಚುಕ್ಕಿಗಳ ಸಾಲು ಇರುತ್ತಿತ್ತು. ಸಾಲು ತಪ್ಪದಿರಲೆಂದು ನಾವು ಬೆರಳಿಟ್ಟು ಹೋಗುತ್ತಿದ್ದೆವು. ಹತ್ತಿರವಿರುವುದನ್ನು ಮನಸ್ಸು ಒಂದೇ ಗುಂಪೆಂದು ಕಾಣುತ್ತದೆ ಎಂಬುದು ಮನೋವಿಜ್ಞಾನಿ ಮ್ಯಾಕ್ಸ್ ವರ್ತೈಮರ್ 1923ರಲ್ಲಿ ಬರೆದ ನಿಯಮಗಳಲ್ಲೊಂದು. ಸಂಖ್ಯೆಯನ್ನು ಲೇಖನದ ಹೆಸರಿನ ಎಡಕ್ಕೆ ತಂದು ಅಂಟಿಸಿದರೆ ಚುಕ್ಕಿಯೂ ಬೇಡ, ಬೆರಳೂ ಬೇಡ. ಎರಡೂ ಪತ್ರಿಕೆಗಳು ಮಾಡಿದ್ದು ಇದನ್ನೇ.

‘ಕ್ಯೂ’ 2020ರಲ್ಲಿ ನಿಂತುಹೋಯಿತು. ಈಗ ಇಂತಹ ಮುಖಪುಟಗಳನ್ನು ನಾನು ಹೆಚ್ಚಾಗಿ ಕಾಣುವುದು ಫೋನಿನ ಪರದೆಯಲ್ಲಿ, ಎರಡು ಸೆಂಟಿಮೀಟರ್ ಅಗಲದ ಪುಟ್ಟ ಚಿತ್ರಗಳಾಗಿ. ಮೂವತ್ತು ಸೆಂಟಿಮೀಟರ್ ದೂರದಲ್ಲಿ ಹಿಡಿದ ಆ ಚಿತ್ರ ಕಣ್ಣಿಗೆ ಸುಮಾರು 4 ಡಿಗ್ರಿ ಅಗಲವಾಗಿರುತ್ತದೆ, ಮೂರು ಮೀಟರ್ ದೂರದ ಕಪಾಟಿನಲ್ಲಿದ್ದ ಪತ್ರಿಕೆಯೂ ಅಷ್ಟೇ ಇರುತ್ತಿತ್ತು. ಹಾಗಾಗಿ ಕೆಂಪು ಚೌಕವೂ ಬಿರುಕಿನ ಅಕ್ಷರಗಳೂ ಅಲ್ಲಿಯೂ ಸೋಲುವುದಿಲ್ಲ. ಪರಿವಿಡಿಯನ್ನು ಅದೇ ಪ್ರಮಾಣಕ್ಕೆ ಕುಗ್ಗಿಸಿದರೆ ಅದರ ಸಣ್ಣ ಅಕ್ಷರಗಳ ಎತ್ತರ ಕಾಲು ಮಿಲಿಮೀಟರ್‌ಗೂ ಇಳಿಯುತ್ತದೆ. ಚೆನ್ನಾಗಿರುವ ಕಣ್ಣಿಗೂ ಆ ದೂರದಲ್ಲಿ ಓದಲು ಅರ್ಧ ಮಿಲಿಮೀಟರ್‌ನಷ್ಟಾದರೂ ಬೇಕು. ಎರಡು ಬೆರಳಿನಿಂದ ಹಿಗ್ಗಿಸಿದರೆ ಅಕ್ಷರಗಳೇನೋ ಓದಲು ಸಿಗುತ್ತವೆ, ಆದರೆ ಮುಂದಿನ ಜಿಗಿತ ಎಲ್ಲಿಗೆಂದು ಕಣ್ಣಿಗೆ ತಿಳಿಸಬೇಕಾಗಿದ್ದ ಪುಟದ ಉಳಿದ ಭಾಗವೆಲ್ಲ ಪರದೆಯಿಂದಾಚೆಗೆ ಸರಿದುಹೋಗಿರುತ್ತದೆ.