ಸೃಷ್ಟಿವಾದಿ ಅಂದರೆ ಯಾರು?

ವಿಕಾಸವಾದ, ಸೃಷ್ಟಿವಾದಗಳ ಬಗೆಗಿನ ಪಾಠ ಓದುವಾಗ ನನಗೆ ತೊಡಕಾಗಿದ್ದು 'ಸೃಷ್ಟಿವಾದ' ಅನ್ನೋ ಪದವೇ. ದೇವರು ಜಗತ್ತನ್ನು ಸೃಷ್ಟಿಸಿದ ಎಂದು ನಂಬುವವರೆಲ್ಲ ಸೃಷ್ಟಿವಾದಿಗಳಾ? ಹಾಗಾದರೆ ಜೀವವಿಜ್ಞಾನಿ ಡೊಬ್ಜಾನ್‌ಸ್ಕಿಯನ್ನೂ ಸೇರಿಸಬೇಕು. ತಾನು ಸೃಷ್ಟಿವಾದಿಯೂ ಹೌದು, ವಿಕಾಸವಾದಿಯೂ ಹೌದು ಎಂದು 1973ರಲ್ಲಿ ಅವರೇ ಬರೆದರು. ದೇವರು ವಿಕಾಸದ ಮೂಲಕವೇ ಸೃಷ್ಟಿಸುತ್ತಾನೆ ಅನ್ನೋದು ಅವರ ನಿಲುವು.

ಈಗ ಈ ಪದವನ್ನು ಜಾಸ್ತಿ ಬಳಸುವುದು ವಿಕಾಸವನ್ನು ಒಪ್ಪದವರ ಬಗ್ಗೆ. ಅವರಲ್ಲೂ ಒಂದೇ ಮಾತಿಲ್ಲ. ಭೂಮಿಗೆ ಬರೀ 6,000ದಿಂದ 10,000 ವರ್ಷ ಎನ್ನುವವರಿದ್ದಾರೆ. ಭೂವಿಜ್ಞಾನ ಹೇಳುವ ಸುಮಾರು 454 ಕೋಟಿ ವರ್ಷವನ್ನು ಒಪ್ಪಿ, ವಿಕಾಸವನ್ನು ಮಾತ್ರ ಬೇಡ ಎನ್ನುವವರೂ ಇದ್ದಾರೆ.

ಪದದ ಅರ್ಥ ಕಲಸಿಹೋದರೆ ಏನಾಗುತ್ತದೆ ಅನ್ನೋದಕ್ಕೆ ಬ್ರಿಟನ್ನಿನ ಮೈಕೆಲ್ ರೀಸ್ ಪ್ರಕರಣ ನೋಡಿ. ಅವರು ಜೀವವಿಜ್ಞಾನಿ, ಚರ್ಚಿನ ಪಾದ್ರಿಯೂ ಹೌದು. ಬ್ರಿಟನ್ನಿನ ವಿಜ್ಞಾನಿಗಳ ಹೆಸರಾಂತ ಸಂಸ್ಥೆ ರಾಯಲ್ ಸೊಸೈಟಿಯ ಶಿಕ್ಷಣ ನಿರ್ದೇಶಕರಾಗಿದ್ದರು. ವಿದ್ಯಾರ್ಥಿ ತರಗತಿಯಲ್ಲಿ ಸೃಷ್ಟಿವಾದದ ಪ್ರಶ್ನೆ ಎತ್ತಿದರೆ ಸುಮ್ನೆ ತಳ್ಳಿಹಾಕಬೇಡಿ, ಅದು ಯಾಕೆ ವಿಜ್ಞಾನವಲ್ಲ ಅಂತ ವಿವರಿಸಿ ಎಂದು 2008ರ ಸೆಪ್ಟೆಂಬರಿನಲ್ಲಿ ಹೇಳಿದರು. ಅದನ್ನು ಬರೀ ತಪ್ಪು ತಿಳಿವಳಿಕೆ ಅನ್ನದೆ, ಒಂದು ಲೋಕದೃಷ್ಟಿ ಎಂದು ನೋಡುವುದು ಒಳ್ಳೆಯದು ಎಂದೂ ಸೇರಿಸಿದರು. ಸುದ್ದಿಯಾಗುವ ಹೊತ್ತಿಗೆ ಅದು 'ಸೃಷ್ಟಿವಾದ ಕಲಿಸಿ' ಎಂದಾಗಿತ್ತು! ಕೆಲವು ನೊಬೆಲ್ ವಿಜೇತರು ಅವರನ್ನು ತೆಗೆಯಿರಿ ಎಂದರು. ಮಾತು ತಪ್ಪು ಅರ್ಥಕ್ಕೆ ಎಡೆ ಮಾಡಿ ಸಂಸ್ಥೆಯ ಹೆಸರಿಗೆ ಧಕ್ಕೆ ತಂದಿದೆ ಎಂದು ಸೊಸೈಟಿ ಹೇಳಿತು. ಕೆಲವೇ ದಿನಗಳಲ್ಲಿ ರೀಸ್ ಹುದ್ದೆ ಬಿಟ್ಟರು. ನನಗಂತೂ ಇದು ಅನ್ಯಾಯ ಅನ್ನಿಸುತ್ತದೆ. ತಪ್ಪಾಗಿ ಕೇಳಿಸಿಕೊಂಡವರು ಬೇರೆಯವರು, ಬೆಲೆ ತೆತ್ತವರು ಅವರು.

ಇದರ ಪಕ್ಕಕ್ಕೆ ಅಮೆರಿಕದ ಜೀವರಸಾಯನ ವಿಜ್ಞಾನಿ ಮೈಕೆಲ್ ಬೀಹಿಯನ್ನು ಇಟ್ಟು ನೋಡಿ. ಜೀವಕೋಶದ ಕೆಲವು ರಚನೆಗಳ ಹಿಂದೆ ಬುದ್ಧಿಯುಳ್ಳ ಕರ್ತೃ ಇದ್ದಾನೆ ಅನ್ನೋದು ಅವರ ವಾದ. ಇದನ್ನು 'ಇಂಟೆಲಿಜೆಂಟ್ ಡಿಸೈನ್' ಅಂತಾರೆ. ಜೀವಿಗಳಿಗೆಲ್ಲ ಒಂದೇ ಮೂಲ ಎಂದು ಒಪ್ಪುವ ಬೀಹಿಯನ್ನು ಸೃಷ್ಟಿವಾದಿ ಅನ್ನಬಹುದಾ? ಇಂಟೆಲಿಜೆಂಟ್ ಡಿಸೈನ್ ಸೃಷ್ಟಿವಾದದಿಂದಲೇ ಹುಟ್ಟಿದ್ದು, ವಿಜ್ಞಾನವಲ್ಲ ಎಂದು 2005ರ ಡೋವರ್ ತೀರ್ಪಿನಲ್ಲಿ, ಅಂದರೆ ಅಮೆರಿಕದ ಡೋವರ್ ಶಾಲೆಗಳಲ್ಲಿ ಅದನ್ನು ಪಾಠಕ್ಕೆ ತರುವ ಬಗ್ಗೆ ನಡೆದ ಮೊಕದ್ದಮೆಯಲ್ಲಿ, ನ್ಯಾಯಾಧೀಶ ಜೋನ್ಸ್ ಹೇಳಿದರು. ಆ ಮೊಕದ್ದಮೆಯಲ್ಲಿ ಬೀಹಿ ಇಂಟೆಲಿಜೆಂಟ್ ಡಿಸೈನ್ ಪರ ಸಾಕ್ಷಿಯಾಗಿದ್ದರು. ಆದರೂ ಲೀಹೈ ವಿಶ್ವವಿದ್ಯಾಲಯದಲ್ಲಿ ಅವರ ಕೆಲಸ ಉಳಿಯಿತು, ಯಾಕಂದರೆ ಅದು ಕಾಯಂ ಹುದ್ದೆ. ಅವರ ವಿಭಾಗ ಮಾತ್ರ ಈ ವಾದಕ್ಕೆ ವಿಜ್ಞಾನದ ಆಧಾರವಿಲ್ಲ ಎಂದು ಬಹಿರಂಗವಾಗಿ ಹೇಳಿ, ಅವರ ಅಭಿಪ್ರಾಯ ಹೇಳುವ ಹಕ್ಕನ್ನೂ ಎತ್ತಿಹಿಡಿಯಿತು. ರೀಸ್ ಮಾತಾಡಿದ್ದು ಸಂಸ್ಥೆಯ ಹುದ್ದೆಯಲ್ಲಿದ್ದುಕೊಂಡು. ಅವರಿಗೆ ಆ ರಕ್ಷಣೆ ಸಿಗಲಿಲ್ಲ.